ರಾಣಿ ಸೆರಗು ಯಾಕೆ ಸರಿಸಿದ್ದಾಳೆ?

ಪ್ರಶ್ನೆ: ಮೈಸೂರಿನ ಮೂವರು ರಾಣಿಯರದ್ದು ಅಂತ ಹೇಳೋ ಒಂದು ಹಳೇ ಪೇಂಟಿಂಗ್ ನೋಡಿದೆ, 1805ರ ಸುಮಾರಿನದಂತೆ. ಬಲಗಡೆ ಇರೋ ರಾಣಿ ಸಿಡುಬಿನ ಲಸಿಕೆ ಹಾಕಿಸ್ಕೊಂಡ ಜಾಗ ತೋರಿಸ್ತಿದಾಳೆ, ಲಸಿಕೆ ಪ್ರಚಾರಕ್ಕೆ ಅಂತಾನೇ ಈ ಚಿತ್ರ ಮಾಡಿಸಿದ್ದು ಅಂತಾರೆ. ಆದ್ರೆ ಚಿತ್ರದಲ್ಲಿ ಡಾಕ್ಟರೂ ಇಲ್ಲ, ಸೂಜಿನೂ ಇಲ್ಲ, ಒಡವೆ ಹಾಕ್ಕೊಂಡ ಮೂವರು ಹೆಂಗಸರು ಇದಾರೆ ಅಷ್ಟೇ. ಇದು ಆಮೇಲೆ ಯಾರೋ ಕಟ್ಟಿದ ಕಥೆ ಅಲ್ವಾ? ಇನ್ನೊಂದು ವಿಷಯ, ನಮ್ಮನೇಲಿ ಮುತ್ತಜ್ಜಿಯದೊಂದು ಬಣ್ಣದ ಚಿತ್ರ ಇದೆ, ಅದನ್ನೂ ಹೀಗೆ ಓದೋಕೆ ಆಗುತ್ತಾ?

ಉತ್ತರ: ನಿಮ್ಮ ಅನುಮಾನ ನ್ಯಾಯವಾಗೇ ಇದೆ, ಮತ್ತು ಈ ಚಿತ್ರದ ಬಗ್ಗೆ ಅದನ್ನ ಕೇಳಲೇಬೇಕು, ಯಾಕಂದ್ರೆ ಇದೇ ಚಿತ್ರವನ್ನ ಜನ ಒಂದು ಕಾಲದಲ್ಲಿ ಪೂರ್ತಿ ಬೇರೆ ಥರ ಓದಿದ್ರು, ಆಗಲೂ ಅಷ್ಟೇ ಧೈರ್ಯವಾಗಿ ಓದಿದ್ರು. ಚಿತ್ರ ತಾನಾಗೇ ಮಾತಾಡುತ್ತೆ ಅಂತ ನಾವು ಹೇಳ್ತಿರ್ತೀವಿ ನೋಡಿ, ಭಾವಚಿತ್ರದ ವಿಷಯದಲ್ಲಿ ಆ ಮಾತನ್ನ ನಾನು ಒಪ್ಪಲ್ಲ. ಆ ಕಾಲದಲ್ಲಿ, ಆ ಮನೇಲಿ, ಆ ಅಂತಸ್ತಿನವರು ಏನು ಮಾಡಬಹುದಿತ್ತು ಏನು ಮಾಡಬಾರದಿತ್ತು ಅನ್ನೋದು ನೋಡೋರಿಗೆ ಗೊತ್ತಿದ್ರೆ ಮಾತ್ರ ಚಿತ್ರ ಬಾಯಿ ಬಿಡುತ್ತೆ. ರೂಢಿ ಗೊತ್ತಿಲ್ದೆ ಇದ್ರೆ, ರೂಢಿ ಎಲ್ಲಿ ಮುರಿದಿದೆ ಅಂತ ಕಾಣಲ್ಲ, ಮತ್ತು ಅರ್ಥ ಇರೋದು ಹೆಚ್ಚಾಗಿ ಆ ಮುರಿದ ಜಾಗದಲ್ಲೇ.

ಮೊದಲು ಒಂದು ಸಣ್ಣ ಉದಾಹರಣೆ ಹೇಳ್ತೀನಿ, ಇದೇ ಮೈಸೂರು ಸೀಮೆದು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನ ಗೋಡೆ ಮೇಲೆ ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನ ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ ಇದೆ, ನೋಡಿರ್ತೀರಿ. ಅದರಲ್ಲಿ ಇಂಗ್ಲಿಷ್ ಸೇನಾಪತಿ ಕರ್ನಲ್ ಬೈಲಿ ಪಲ್ಲಕ್ಕಿಯೊಳಗೆ ಕೂತು ಬೆರಳು ಕಚ್ಚಿಕೊಂಡಿದಾನೆ. ಇವತ್ತು ಯಾರಾದ್ರೂ ನೋಡಿದ್ರೆ ಟೆನ್ಷನ್‌ಗೆ ಉಗುರು ಕಡೀತಿದಾನೆ ಅಂದ್ಕೋತಾರೆ. ಆದ್ರೆ ಆ ಚಿತ್ರ ಬರೆದ ಕಲಾವಿದರಿಗೆ ಪರ್ಷಿಯನ್ ಮೊಘಲ್ ಚಿತ್ರಗಳ ಪರಿಚಯ ಇತ್ತು, ಅಲ್ಲಿ ಬಾಯಿಗೆ ಬೆರಳು ಅಂದ್ರೆ ದಿಗ್ಭ್ರಮೆ, ನಾವು ಮೂಗಿನ ಮೇಲೆ ಬೆರಳು ಇಡೋದು ಅಂತೀವಲ್ಲ ಹಾಗೆ ಎಲ್ಲರಿಗೂ ಅರ್ಥ ಆಗೋ ಒಂದು ಸಂಜ್ಞೆ. ಅದೇ ಗೋಡೆ ಮೇಲೆ ಟಿಪ್ಪು ಅಷ್ಟು ಗದ್ದಲದ ಯುದ್ಧದ ಮಧ್ಯೆ ಗುಲಾಬಿ ಹೂ ಮೂಸ್ತಾ ಇದಾನೆ. ಯಾರೂ ಯುದ್ಧಭೂಮೀಲಿ ಹೂ ಹಿಡ್ಕೊಂಡು ಹೋಗಲ್ಲ, ದೊರೆ ವಿಚಲಿತನಾಗಿಲ್ಲ ಅನ್ನೋದನ್ನ ಹೇಳೋ ರೀತಿ ಅದು. ಇಂಗ್ಲಿಷ್ ಸೈನಿಕರಿಗೆ ಮೀಸೆನೇ ಬರೆದಿಲ್ಲ, ಅದೂ ಒಂದು ಮಾತೇ, ಮೀಸೆ ಅಂದ್ರೆ ಗಂಡಸ್ತನ ಅನ್ನೋ ನಾಡಲ್ಲಿ ಅದು ಎಂಥ ಮಾತು ಅಂತ ನಿಮಗೆ ವಿವರಿಸಬೇಕಾಗಿಲ್ಲ. ಹೀಗೆ ಒಂದು ಬೆರಳು, ಒಂದು ಹೂ, ಇಲ್ಲದ ಮೀಸೆ, ಮೂರೂ ಆ ಸಂಸ್ಕೃತಿ ಒಳಗಿಂದ ನೋಡಿದಾಗ ಮಾತ್ರ ತೆರ್ಕೊಳ್ಳುತ್ತೆ.

ಈಗ ನಿಮ್ಮ ಚಿತ್ರಕ್ಕೆ ಬರ್ತೀನಿ. ಬರೆದಿದ್ದು ಥಾಮಸ್ ಹಿಕಿ, ಐರ್ಲೆಂಡಿನ ಡಬ್ಲಿನ್‌ನಲ್ಲಿ 1741ರಲ್ಲಿ ಹುಟ್ಟಿದವನು, 1824ರಲ್ಲಿ ಮದ್ರಾಸಿನಲ್ಲೇ ತೀರ್ಕೊಂಡ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳು, ದಿವಾನ್ ಪೂರ್ಣಯ್ಯ ಇವರನ್ನೆಲ್ಲ ಎದುರಿಗೆ ಕೂರಿಸಿ ಬರೆದವನು ಇವನೇ, ಅಂದ್ರೆ ಮೈಸೂರು ದರ್ಬಾರಿನ ಬಾಗಿಲು ಇವನಿಗೆ ಮೊದಲಿಂದ ತೆರೆದಿತ್ತು. ಇದನ್ನ ನೆನಪಿಟ್ಕೊಳ್ಳಿ, ಬೀದೀಲಿ ಹೋಗ್ತಿದ್ದ ಯಾವನೋ ವಿದೇಶಿ ಚಿತ್ರಗಾರ ಅಲ್ಲ.

ಆದ್ರೆ ಇದೇ ಹಿಕಿ ಇನ್ನೊಂದು ಥರದ ಚಿತ್ರಕ್ಕೂ ಹೆಸರಾದವನು. 1787ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಹಿಕಿ ಅನ್ನೋ ವಕೀಲನ ಜೊತೆ ಬಾಳ್ತಿದ್ದ ಜಮದಾನಿ ಅನ್ನೋ ಹೆಣ್ಣುಮಗಳದ್ದಿರಬಹುದು ಅಂತ ಹೇಳೋ ಒಂದು ಚಿತ್ರ ಬರೆದಿದ್ದ, ಈಗ ಅದು ಐರ್ಲೆಂಡಿನ ರಾಷ್ಟ್ರೀಯ ಗ್ಯಾಲರೀಲಿದೆ. ಇಬ್ಬರ ಹೆಸರೂ ಹಿಕಿ ಅಂತ ಇದ್ರೂ ಸಂಬಂಧಿಕರಲ್ಲ. ಈಸ್ಟ್ ಇಂಡಿಯಾ ಕಂಪನಿ ಕಾಲದ ಇಂಗ್ಲಿಷರು ಇಲ್ಲಿನ ಹೆಂಗಸರ ಜೊತೆ ಸಂಸಾರ ಮಾಡೋದು, ಅವರನ್ನ ಬೀಬಿ ಅಂತ ಕರೆಯೋದು, ಅವರ ಚಿತ್ರ ಬರೆಸೋದು ಆಗ ಸಾಕಷ್ಟು ನಡೀತಿತ್ತು. ನಾಚ್ ಹುಡುಗಿಯರ ಚಿತ್ರಗಳೂ ಹಾಗೇ. ಹಾಗಾಗಿ ಯುರೋಪಿನ ಕಲಾ ಮಾರುಕಟ್ಟೆಯವರ ಕಣ್ಣಿಗೆ ಒಂದು ಅಚ್ಚು ಕೂತ್ಬಿಟ್ಟಿತ್ತು, ಭಾರತದ ಹೆಂಗಸರು ಒಬ್ಬ ಬಿಳಿ ಚಿತ್ರಗಾರನ ಎದುರು ಮುಖ ಮುಚ್ಕೊಳ್ದೆ, ನೇರ ನೋಡ್ತಾ, ತುಟಿ ಅಂಚಲ್ಲಿ ಸ್ವಲ್ಪ ನಗು ಇಟ್ಕೊಂಡು ಇದಾರೆ ಅಂದ್ರೆ ಅವರು ನರ್ತಕಿಯರೋ ಇಲ್ಲ ವೇಶ್ಯೆಯರೋ ಇರ್ಬೇಕು, ಮರ್ಯಾದಸ್ಥ ಮನೆಯವರಾಗಿದ್ರೆ ಅಂತಃಪುರದಿಂದ ಆಚೆ ಬರ್ತಿರ್ಲಿಲ್ಲ ಅಂತ. ಈ ಚಿತ್ರವನ್ನೂ ಹಾಗೇ ಓದಿದ್ರು. ತುಂಬಾ ಜನ ಈಗ ಅದನ್ನ ಬೈತಾರೆ, ನನಗೂ ಬೇಜಾರಾಗುತ್ತೆ, ಆದ್ರೆ ಅವರ ಲೆಕ್ಕದಲ್ಲಿ ಅರ್ಧ ಸರಿ ಇತ್ತು ಅನ್ನೋದನ್ನೂ ಹೇಳ್ಬೇಕು. ರಾಜಮನೆತನದ ಹೆಂಗಸರು ಹೀಗೆ ಪರಪುರುಷನ ಎದುರು ಬರ್ತಿರ್ಲಿಲ್ಲ ಅನ್ನೋ ರೂಢಿ ಅವರಿಗೆ ಗೊತ್ತಿತ್ತು. ಎಡವಿದ್ದು ಎಲ್ಲಿ ಅಂದ್ರೆ, ರೂಢಿ ಮುರಿದಿದೆ ಅಂದ ಕೂಡಲೇ ಇವರು ರಾಜಮನೆತನದವರೇ ಅಲ್ಲ ಅಂತ ತೀರ್ಮಾನಿಸಿಬಿಟ್ರು. ಇನ್ನೊಂದು ಪ್ರಶ್ನೆ ಕೇಳ್ಬಹುದಿತ್ತು, ರಾಜಮನೆತನದವರೇ ಆಗಿದ್ದು ರೂಢಿ ಮುರಿದಿದಾರೆ ಅಂದ್ರೆ ಅದಕ್ಕೆ ಎಷ್ಟು ದೊಡ್ಡ ಕಾರಣ ಇದ್ದಿರ್ಬೇಕು?

ಆ ಪ್ರಶ್ನೆ ಕೇಳಿದ್ದು ನೈಜೆಲ್ ಚಾನ್ಸಲರ್ ಅನ್ನೋ ಇತಿಹಾಸಕಾರ, ಮೈಸೂರಿನ ಇತಿಹಾಸದ ಮೇಲೆ ಕೇಂಬ್ರಿಡ್ಜ್‌ನಲ್ಲಿ ಕೆಲಸ ಮಾಡಿದವರು. 2001ರಲ್ಲಿ ಇದರ ಬಗ್ಗೆ ಒಂದು ದೊಡ್ಡ ಲೇಖನ ಬರೆದ್ರು. ಅವರು ಮೊದಲು ಹಿಡ್ಕೊಂಡಿದ್ದು ಒಡವೆಗಳನ್ನ, ತೋಳು ತುಂಬೋ ಭಾರೀ ಚಿನ್ನ, ತಲೆ ಮೇಲಿನ ಆಭರಣ, ಇವೆಲ್ಲ ಒಡೆಯರ್ ರಾಣಿವಾಸದ ಗುರುತುಗಳು ಅಂತ. ಅಲ್ಲಿಂದ ಮುಂದೆ ಇವರು ಮೂರನೇ ಕೃಷ್ಣರಾಜ ಒಡೆಯರ ಮನೆಯವರು ಅಂತ ವಾದ ಕಟ್ಟಿದ್ರು. ಬಲಗಡೆ ಇರೋದು 1805ರಲ್ಲಿ ಮದುವೆಯಾಗಿ ಬಂದ ಕಿರಿಯ ರಾಣಿ ದೇವಾಜಮ್ಮಣ್ಣಿ. ಎಡಗಡೆ ಇರೋದು ಹಿರಿಯ ರಾಣಿ, ಅವರ ಹೆಸರೂ ದೇವಾಜಮ್ಮಣ್ಣಿನೇ. ನಡುವೆ ಇರೋದು ಮಹಾರಾಜರ ಅಜ್ಜಿ ಲಕ್ಷ್ಮಮ್ಮಣ್ಣಿ.

ಇಲ್ಲಿ ಸ್ವಲ್ಪ ನಿಂತು ಆ ಮನೆ ಆಗ ಹೇಗಿತ್ತು ಅಂತ ನೋಡ್ಬೇಕು, ಇಲ್ಲಾಂದ್ರೆ ಮುಂದಿನದ್ದು ಹಿಡಿಯಲ್ಲ. ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರಲ್ಲಿ, ಪಟ್ಟಕ್ಕೆ ಕೂತಿದ್ದು 1799ರ ಜೂನ್ 30ಕ್ಕೆ, ಅಂದ್ರೆ ಇನ್ನೂ 5 ತುಂಬಿರ್ಲಿಲ್ಲ. ಆಡಳಿತ ಎಲ್ಲ ಪೂರ್ಣಯ್ಯನವರ ಕೈಲಿ, ಅರಮನೆ ಒಳಗಿನ ಮಾತು ಲಕ್ಷ್ಮಮ್ಮಣ್ಣಿಯವರದ್ದು, ಎರಡರ ಮೇಲೂ ರೆಸಿಡೆಂಟ್, ಅಂದ್ರೆ ದರ್ಬಾರಿನಲ್ಲಿದ್ದ ಕಂಪನಿ ಪ್ರತಿನಿಧಿಯ ಕಣ್ಣು. ಲಕ್ಷ್ಮಮ್ಮಣ್ಣಿ ಸಾಮಾನ್ಯ ಹೆಂಗಸಲ್ಲ. ಹೈದರ್ ಕಾಲದಿಂದಲೂ ತನ್ನ ಮನೆತನಕ್ಕೆ ಪಟ್ಟ ವಾಪಸ್ ಬರ್ಬೇಕು ಅಂತ ಗುಟ್ಟಾಗಿ ಇಂಗ್ಲಿಷರ ಜೊತೆ ಮಾತು ನಡೆಸ್ತಾ ಬಂದವರು, 1782ರಲ್ಲಿ ತಿರುಮಲರಾಯನ ಮೂಲಕ ಒಂದು ಒಪ್ಪಂದವನ್ನೂ ಮಾಡ್ಕೊಂಡಿದ್ರು, ಸಿಕ್ಕಿಬಿದ್ದಿದ್ರೆ ಇಡೀ ಮನೆತನದ ಪ್ರಾಣ ಹೋಗ್ತಿತ್ತು. ಅಂಥವರು ಕಂಪನಿ ಒಂದು ಸಹಾಯ ಕೇಳಿದಾಗ ಅದರ ಬೆಲೆ ಏನು, ಬದಲಿಗೆ ಏನು ಉಳಿಯುತ್ತೆ ಅಂತ ತೂಗದೆ ಇರ್ತಾರಾ. 1805ರಲ್ಲಿ ಮಹಾರಾಜರಿಗೂ ಕಿರಿಯ ರಾಣಿಗೂ ಸುಮಾರು 12 ವರ್ಷ. ಚಿತ್ರದಲ್ಲಿ ಆ ಹುಡುಗಿ 12ರ ವಯಸ್ಸಿನವಳ ಥರ ಕಾಣಲ್ಲ ಅಂತ ನಿಮಗೆ ಅನ್ನಿಸಿದ್ರೆ ಆಶ್ಚರ್ಯ ಇಲ್ಲ, ಯುರೋಪಿನ ಕಲಾಶಾಲೆ ಕೈಗೆ ಹೆಣ್ಣಿನ ಮೈಕಟ್ಟು ಅಂದ್ರೆ ಒಂದೇ ಅಳತೆ, ಮೇಲೆ ಅಷ್ಟು ಒಡವೆ ಹೇರಿದ್ರೆ ಯಾವ ಮಗುನೂ ದೊಡ್ಡೋಳ ಥರಾನೇ ಕಾಣುತ್ತೆ.

ಇನ್ನು ಕಾಯಿಲೆ. ಸಿಡುಬು ಅಂದ್ರೆ ಏನು ಅಂತ ಈಗಿನವರಿಗೆ ಮೈಯಲ್ಲಿ ಗೊತ್ತಿಲ್ಲ, 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಭೂಮಿಯಿಂದಲೇ ಹೋಯ್ತು ಅಂತ ಘೋಷಿಸಿತು. ಆದ್ರೆ ನಮ್ಮ ಭಾಷೆಗೆ ಗೊತ್ತಿದೆ. ಅಮ್ಮ ಆಗಿದೆ ಅಂತೀವಿ, ದೇವಿ ಬಂದಿದಾಳೆ ಅಂತೀವಿ, ಮೈಲಿ ಅಂತೀವಿ. ಕಾಯಿಲೆ ಅಂತ ಬಾಯಿ ಬಿಟ್ಟು ಹೇಳ್ತಿರ್ಲಿಲ್ಲ, ಮನೆಗೆ ಬಂದ ಮಾರಮ್ಮನಿಗೆ ಸಿಟ್ಟು ಬರಬಾರ್ದು ಅಂತ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ಹಾಕ್ದೆ, ಮಡಿಯಿಂದ ಇರ್ತಿದ್ರು. ಲಸಿಕೆ ಹಾಕಿಸೋದಕ್ಕೂ ನಮ್ಮಜ್ಜಿ ಕಾಲದವರು ದೇವಿ ಹಾಕಿಸೋದು ಅಂತಲೇ ಅಂತಿದ್ರು, ನಮ್ಮಜ್ಜಿಯ ತೋಳಿನ ಮೇಲೆ ರೂಪಾಯಿ ಅಗಲದ ಆ ಗುರುತು ಇತ್ತು, ನಾವು ಕೇಳಿದಾಗ ಸೆರಗು ಸ್ವಲ್ಪ ಸರಿಸಿ ತೋರಿಸಿ ತಕ್ಷಣ ಮುಚ್ಚಿಕೊಳ್ತಿದ್ರು. ಈ ಚಿತ್ರವನ್ನ ಮೊದಲ ಸಲ ನೋಡಿದಾಗ ನನಗೆ ನೆನಪಾಗಿದ್ದು ಆ ಕೈ. ಇದು ಸಾಕ್ಷಿ ಅಲ್ಲ, ಸಾಕ್ಷಿ ಅಂತ ನಾನು ಹೇಳ್ತಿಲ್ಲ, ಆದ್ರೆ ಯಾವ ಚಲನೆಯನ್ನ ಒಬ್ಬಳು ಹೆಂಗಸು ಯಾವಾಗ ಮಾಡ್ತಾಳೆ ಅನ್ನೋ ತಿಳುವಳಿಕೆ ನಮಗೆ ಪುಸ್ತಕಕ್ಕಿಂತ ಮೊದಲು ಮನೇಲೇ ಸಿಕ್ಕಿರುತ್ತೆ.

ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ದ್ರವದಿಂದ ಮೊದಲ ಲಸಿಕೆ ಹಾಕಿದ್ದು 1796ರಲ್ಲಿ. ಅದು ಭಾರತಕ್ಕೆ ಬಂದ ರೀತಿ ಇಲ್ಲಿ ತುಂಬಾ ಮುಖ್ಯ. ಆಗ ಫ್ರಿಜ್ ಇಲ್ಲ, ದ್ರವ ದಾರೀಲೇ ಸತ್ತುಹೋಗ್ತಿತ್ತು, ಹಾಗಾಗಿ ವಿಯೆನ್ನಾದಿಂದ ಹೇಗೋ ಬಾಗ್ದಾದ್ ಮುಟ್ಟಿದ್ದನ್ನ ಅಲ್ಲಿಂದ ಬಸ್ರಾ, ಬಸ್ರಾದಿಂದ ಹಡಗಲ್ಲಿ ಬಾಂಬೆ ಹೀಗೆ ತೋಳಿಂದ ತೋಳಿಗೆ ದಾಟಿಸ್ಕೊಂಡು ತಂದ್ರು. ಒಬ್ಬರಿಗೆ ಹಾಕಿ, ಒಂದು ವಾರದಲ್ಲಿ ಎದ್ದ ಗುಳ್ಳೆಯಿಂದ ನೀರು ತೆಗೆದು, ಮುಂದಿನವರಿಗೆ ಹಾಕೋದು. ಬಾಂಬೆಯಲ್ಲಿ 1802ರ ಜೂನ್ 14ಕ್ಕೆ ಆನ್ನಾ ಡಸ್ಟ್‌ಹಾಲ್ ಅನ್ನೋ 3 ವರ್ಷದ ಹುಡುಗಿಗೆ ಅದು ಹತ್ತಿತು, ಅವಳ ತೋಳಿಂದಲೇ ಈ ದೇಶದ ಲಸಿಕೆ ಸರಪಳಿ ಶುರುವಾಗಿದ್ದು. ಈಗ ನೀವೇ ಯೋಚಿಸಿ, ಮುಟ್ಟಿದ್ರೆ ಮೈಲಿಗೆ ಅನ್ನೋ ಸಮಾಜದಲ್ಲಿ, ಯಾವ ಜಾತಿಯೋ ಯಾವ ಧರ್ಮವೋ ಗೊತ್ತಿಲ್ಲದ ಮಗುವಿನ ಗುಳ್ಳೆಯ ನೀರನ್ನ ತಂದು ನನ್ನ ಮಗಳ ಚರ್ಮದ ಒಳಗೆ ಹಾಕ್ತೀನಿ ಅಂತ ಕಂಪನಿ ಡಾಕ್ಟರ್ ಬಂದು ನಿಂತ್ರೆ ಯಾವ ತಾಯಿ ಬಾಗಿಲು ತೆಗೀತಾಳೆ. ಜನಕ್ಕೆ ತಿಳುವಳಿಕೆ ಇರ್ಲಿಲ್ಲ ಅಂತ ಒಂದೇ ಮಾತಲ್ಲಿ ತಳ್ಳಿಬಿಡೋದು ತಪ್ಪು. ಅವರಿಗೆ ಬೇರೆ ಹಳೇ ವಿಧಾನ ಗೊತ್ತಿತ್ತು, ಸಿಡುಬು ಬಂದು ವಾಸಿಯಾದವರ ಗುಳ್ಳೆಯ ಹೊಪ್ಪಳೆಯಿಂದಲೇ ಬೇಕಂತ ಸಣ್ಣಗೆ ಕಾಯಿಲೆ ಬರಿಸ್ಕೊಳ್ಳೋದು, ಅದನ್ನ ಪೂಜೆ ಪಥ್ಯದ ಜೊತೆ ಮಾಡ್ತಿದ್ರು, ಅಪಾಯ ಇತ್ತು ಆದ್ರೆ ಪರಿಚಯದ ಅಪಾಯ. ಹೊಸದು ಬಂದಿದ್ದು ಗೆದ್ದ ಸೈನ್ಯದ ಕೈಯಿಂದ.

ಮದ್ರಾಸಿನ ಗವರ್ನರ್ ಆಗ ವಿಲಿಯಂ ಬೆಂಟಿಂಕ್, 1803ರಿಂದ 1807ರವರೆಗೆ. ಲಸಿಕೆ ಹರಡಿದ್ರೆ ಕಂಪನಿ ಬಗ್ಗೆ ಜನಕ್ಕೆ ಒಳ್ಳೇ ಅಭಿಪ್ರಾಯ ಬರುತ್ತೆ ಅನ್ನೋ ರಾಜಕೀಯ ಲೆಕ್ಕ ಅವರಿಗಿತ್ತು. ಆದ್ರೆ ಜನರ ಮೈ ಮೇಲೆ ಕೈ ಹಾಕೋದು ಎಷ್ಟು ಅಪಾಯ ಅನ್ನೋದು ಅವರ ಕಾಲದಲ್ಲೇ ಬಯಲಾಯ್ತು. 1806ರ ಜುಲೈ 10ಕ್ಕೆ ವೆಲ್ಲೂರಿನ ಕೋಟೇಲಿ ಸಿಪಾಯಿಗಳು ಬಂಡೆದ್ರು, ಕಾರಣ ಏನಂದ್ರೆ ಹಣೆ ಮೇಲಿನ ನಾಮ ವಿಭೂತಿ ಇರಬಾರ್ದು, ಗಡ್ಡ ತೆಗೀಬೇಕು, ಹೊಸ ಥರದ ಟೋಪಿ ಹಾಕ್ಬೇಕು ಅಂತ ಹೊರಡಿಸಿದ ಆರ್ಡರ್. ನಮ್ಮನ್ನ ಕಿರಿಸ್ತಾನರನ್ನಾಗಿ ಮಾಡ್ತಿದಾರೆ ಅಂತ ಸುದ್ದಿ ಹಬ್ಬಿತ್ತು. ಅದೇ ಕೋಟೇಲಿ ಟಿಪ್ಪುವಿನ ಮಕ್ಕಳಿದ್ರು. ಬೆಂಟಿಂಕ್ ತಲೆದಂಡ ಆಯ್ತು, ಮುಂದಿನ ವರ್ಷ ವಾಪಸ್ ಕರೆಸ್ಕೊಂಡ್ರು. ಈ ಘಟನೆ ಯಾಕೆ ಹೇಳ್ದೆ ಅಂದ್ರೆ ಮೈ ಮೇಲಿನ ಒಂದು ಗುರುತು, ಅದು ಹಣೆ ಮೇಲಿರಲಿ ತೋಳಿನ ಮೇಲಿರಲಿ, ಆಗ ರಾಜ್ಯವನ್ನೇ ಅಲ್ಲಾಡಿಸೋ ವಿಷಯ ಆಗಿತ್ತು. ಮತ್ತು ಚಾನ್ಸಲರ್ ತೋರಿಸೋ ಮುಖ್ಯ ದಾಖಲೆನೂ ಅದೇ 1806ರ ಜುಲೈನದ್ದು. ರಾಣಿ ದೇವಾಜಮ್ಮಣ್ಣಿ ಲಸಿಕೆ ಹಾಕಿಸ್ಕೊಂಡಿದ್ದು ಜನರ ಮೇಲೆ ಒಳ್ಳೇ ಪರಿಣಾಮ ಬೀರಿದೆ, ಜನ ಮುಂದೆ ಬರ್ತಿದಾರೆ ಅಂತ ಅದರಲ್ಲಿದೆ.

ಈಗ ಮತ್ತೆ ಚಿತ್ರದ ಮುಂದೆ ಬನ್ನಿ, ಬಲಗಡೆಯ ರಾಣಿಯನ್ನ ನೋಡಿ. ಸೆರಗು ಮುಚ್ಚಬೇಕಾದ ಎಡತೋಳು ತೆರೆದಿದೆ, ಅವಳೇ ಅದನ್ನ ಕೈಯಿಂದ ಸರಿಸಿ ಆ ಜಾಗದ ಕಡೆ ನಮ್ಮ ಕಣ್ಣು ಕರ್ಕೊಂಡು ಹೋಗ್ತಿದಾಳೆ. ನರ್ತಕಿಯ ಚಿತ್ರ ಆಗಿದ್ರೆ ಸರಿಯೋ ಸೆರಗು ಬೇರೆ ಎಲ್ಲಿಂದಲೋ ಸರೀತಿತ್ತು, ಆ ಚಿತ್ರಗಳ ಚಪಲ ಎಂಥದ್ದು ಅಂತ ನೋಡಿದವರಿಗೆ ಗೊತ್ತು. ಇಲ್ಲಿ ಎಷ್ಟು ಬೇಕೋ ಅಷ್ಟೇ, ಮರ್ಯಾದೆಗೆ ಧಕ್ಕೆ ಬರ್ದೇ ಇರೋಷ್ಟು, ಲಸಿಕೆ ಹಾಕೋ ಮೇಲ್ತೋಳಿನ ಜಾಗ ಒಂದೇ. ಯಾರನ್ನೋ ಸೆಳೆಯೋ ಭಂಗಿ ಅಲ್ಲ ಇದು, ಇಲ್ಲಿ ನೋಡಿ ಅಂತ ಹೇಳೋ ಭಂಗಿ. ಡಾಕ್ಟರ್ ಇಲ್ಲ ಸೂಜಿ ಇಲ್ಲ ಅಂದ್ರಲ್ಲ, ಇದ್ದಿದ್ರೆ ಚಿತ್ರ ಕೆಡ್ತಿತ್ತು ಅಂತ ನನಗನ್ಸುತ್ತೆ, ಯಾಕಂದ್ರೆ ಪರಪುರುಷ ರಾಣಿಯ ತೋಳು ಹಿಡಿದಿರೋ ಚಿತ್ರ ಯಾರನ್ನ ಒಪ್ಪಿಸ್ತಿತ್ತು ಹೇಳಿ. ಸೂಜಿ ಬಂದು ಹೋಗಾಗಿದೆ, ಅವಳು ಚೆನ್ನಾಗಿದಾಳೆ, ಮುಖದ ಮೇಲೆ ಒಂದು ಕಲೆ ಇಲ್ಲ, ರಾಣಿಯಾಗೇ ಇದಾಳೆ. ತೋರಿಸ್ಬೇಕಿದ್ದಿದ್ದು ಅದೇ.

ಹಾಗಾದ್ರೆ ಕಥೆ ಅಲ್ಲ, ಆದ್ರೆ ಎಲ್ಲ ಭಾಗವೂ ಒಂದೇ ಗಟ್ಟಿ ಅಂತಲೂ ನಾನು ಹೇಳಲ್ಲ. ಎಡಗಡೆಯ ಹಿರಿಯ ರಾಣಿಯ ಮೂಗಿನ ಕೆಳಗೆ, ಬಾಯಿ ಸುತ್ತ ಬಣ್ಣ ಸ್ವಲ್ಪ ಬೇರೆ ಇದೆ, ಅದು ಹಳೇ ವಿಧಾನದಲ್ಲಿ ಗುಳ್ಳೆಯ ಪುಡಿಯನ್ನ ಮೂಗಿಗೆ ಊದಿದ್ದರ ಗುರುತು, ಅಂದ್ರೆ ಚಿತ್ರದಲ್ಲಿ ಒಂದು ಕಡೆ ಹಳೇ ಪದ್ಧತಿ ಇನ್ನೊಂದು ಕಡೆ ಹೊಸದು ಅಂತ ಚಾನ್ಸಲರ್ ಓದ್ತಾರೆ. ಕೇಳೋಕೆ ತುಂಬಾ ಚೆನ್ನಾಗಿದೆ. ಆದ್ರೆ ಮೂಗಿಗೆ ಊದೋದು ಹೆಚ್ಚು ಹೆಸರಾಗಿದ್ದು ಚೀನಾದಲ್ಲಿ, ಭಾರತದಲ್ಲಿ ವಿವರವಾಗಿ ದಾಖಲಾಗಿರೋದು ಚರ್ಮ ಗೀರಿ ಹಚ್ಚೋ ಪದ್ಧತಿ. ಜೊತೆಗೆ ಬಣ್ಣದ ಸ್ವಭಾವ ಒಂದಿದೆ. ತೈಲವರ್ಣದಲ್ಲಿ ಮುಖ ಬರೆಯುವಾಗ ಮೂಗಿನ ಕೆಳಗೆ, ತುಟಿಯ ಕೆಳಗೆ ಮೊದಲು ಕಂದು ನೆರಳು ಹಾಕಿ ಮೇಲೆ ಮೈಬಣ್ಣ ಎಳೀತಾರೆ, ಕಾಲ ಕಳೆದಂತೆ ಮೇಲಿನ ಪದರ ಪಾರದರ್ಶಕ ಆಗ್ತಾ ಕೆಳಗಿನ ಕಂದು ಮೇಲೆ ಬರುತ್ತೆ, ಯಾರೋ ವಾರ್ನಿಷ್ ಉಜ್ಜಿ ತೆಗೆದಿದ್ರಂತೂ ಇನ್ನೂ ಜಾಸ್ತಿ. 200 ವರ್ಷದ ಕ್ಯಾನ್ವಾಸ್ ಮೇಲಿನ ಒಂದು ಕಲೆಯನ್ನ ರೋಗದ ಕಲೆ ಅಂತ ಒಪ್ಪೋಕೆ ಮೊದಲು ನಾನು ಬಣ್ಣದ ಪದರಗಳ ಪರೀಕ್ಷೆ ಕೇಳ್ತೀನಿ. ಈ ಒಂದು ಅಂಶ ಬಿದ್ದುಹೋದ್ರೂ ಬಲಗಡೆಯ ತೋಳಿನ ಓದು ಬೀಳಲ್ಲ, ಅದು ತನ್ನ ಕಾಲ ಮೇಲೆ ನಿಲ್ಲುತ್ತೆ, ದಾಖಲೆ ಅದಕ್ಕೆ ಹೊಂದುತ್ತೆ, ಮದುವೆಯ ವರ್ಷ ಹೊಂದುತ್ತೆ, ಚಿತ್ರಗಾರನಿಗೆ ಅರಮನೆ ಸಂಪರ್ಕ ಇದ್ದಿದ್ದು ಹೊಂದುತ್ತೆ.

ನಡುವಿನವರ ವಿಷಯದಲ್ಲೂ ನನಗೆ ಒಂದು ಕಡೆ ತಡೆಯುತ್ತೆ, ಇದನ್ನ ಕನ್ನಡದ ಓದುಗರೇ ಮೊದಲು ಕೇಳ್ತಾರೆ ಅಂತ ಗೊತ್ತು. ಲಕ್ಷ್ಮಮ್ಮಣ್ಣಿಯವರ ಗಂಡ ಇಮ್ಮಡಿ ಕೃಷ್ಣರಾಜ ಒಡೆಯರು ತೀರ್ಕೊಂಡಿದ್ದು 1766ರಲ್ಲಿ, ಸಿಡುಬಿನಿಂದಲೇ ಅಂತ ಚಾನ್ಸಲರ್ ಹೇಳ್ತಾರೆ, ಅದಕ್ಕೇ ಮೊಮ್ಮಗನ ರಾಣಿಯರಿಗೆ ಲಸಿಕೆ ಹಾಕಿಸೋಕೆ ಆಕೆಯೇ ಮುಂದಾದ್ರು ಅನ್ನೋದು ಮನಸ್ಸಿಗೆ ನಾಟೋ ಕಾರಣ. ಆದ್ರೆ 1805ರ ಹೊತ್ತಿಗೆ ಆಕೆ ವಿಧವೆಯಾಗಿ ಸುಮಾರು 40 ವರ್ಷ ಆಗಿತ್ತು. ವಿಧವೆಯ ಉಡುಪು ಒಡವೆ ಹೇಗಿರ್ಬೇಕು ಅನ್ನೋ ಕಟ್ಟು ಆಗ ಎಷ್ಟು ಬಿಗಿ ಇತ್ತು, ಮತ್ತು ಮೂವರಲ್ಲಿ ನಡುವಿನವರ ಮುಖದ ವಯಸ್ಸು ಎಷ್ಟು, ಅದೆಲ್ಲ ಪಕ್ಕಪಕ್ಕದಲ್ಲಿಟ್ಟು ನೋಡ್ಬೇಕು. ಮಧ್ಯದ ಜಾಗ ಅಧಿಕಾರದ ಜಾಗ ಅನ್ನೋದು ಸರಿ, ಆದ್ರೆ ಜಾಗ ಒಂದರಿಂದಲೇ ಹೆಸರು ಹೇಳೋಕಾಗಲ್ಲ. ಹಾಗಾಗಿ ನನ್ನ ತೂಕ ಹೀಗೆ, ಬಲಗಡೆಯವರ ಗುರುತು ಬಲವಾದದ್ದು, ಇವರು ಒಡೆಯರ್ ಮನೆತನದ ಹೆಂಗಸರು ಅನ್ನೋದೂ ಬಲವಾದದ್ದು, ನಡುವಿನವರು ಅಜ್ಜಿಯೇ ಅನ್ನೋದು ಒಂದು ಮೆಟ್ಟಲು ಕೆಳಗೆ, ಮೂಗಿನ ಕಲೆ ಇನ್ನೂ ಒಂದು ಮೆಟ್ಟಲು ಕೆಳಗೆ. ಒಂದು ಚಿತ್ರದ ಓದು ಅಂದ್ರೆ ಹೀಗೆ ಮೆಟ್ಟಲು ಮೆಟ್ಟಲಾಗಿ ಇರುತ್ತೆ, ಪೂರ್ತಿ ನಿಜ ಪೂರ್ತಿ ಸುಳ್ಳು ಅಂತ ಎರಡೇ ಡಬ್ಬ ಇಟ್ಕೊಂಡ್ರೆ ಕೈಗೆ ಸಿಕ್ಕಿದ್ದನ್ನೂ ಕಳ್ಕೋತೀವಿ.

ಇನ್ನೊಂದು ಮಾತು, ಇದನ್ನ ಹೇಳ್ದೆ ಮುಂದೆ ಹೋಗೋಕೆ ಮನಸ್ಸು ಒಪ್ಪಲ್ಲ. ಈಗ ಈ ಚಿತ್ರವನ್ನ ಹಂಚೋರು ಧೈರ್ಯವಂತ ರಾಣಿಯರು ಅಂತ ಹಂಚ್ತಾರೆ. ಇರಬಹುದು. ಆದ್ರೆ 12 ವರ್ಷದ ಹುಡುಗಿ, ಹೊಸದಾಗಿ ಮದುವೆಯಾಗಿ ಬಂದ ಮನೆ, ಬೇಡ ಅನ್ನೋ ಹಾಗಿತ್ತಾ? ಮಹಾರಾಜರಿಗೇ ಬೇಡ ಅನ್ನೋ ವಯಸ್ಸಿರ್ಲಿಲ್ಲ. ನಿರ್ಧಾರ ಅಜ್ಜಿಯದ್ದು, ದಿವಾನರದ್ದು, ರೆಸಿಡೆಂಟ್‌ದ್ದು, ತೋಳು ಮಾತ್ರ ಅವಳದ್ದು. ಆ ಅರೆನಗು ಅವಳದ್ದೇ ನಗುವೋ ಹಿಕಿ ಎಲ್ಲ ಚಿತ್ರಕ್ಕೂ ಕೊಡ್ತಿದ್ದ ನಗುವೋ ಅಂತ ಚಿತ್ರ ನೋಡಿ ಹೇಳೋಕಾಗಲ್ಲ, ಕಲಾ ಇತಿಹಾಸದವರು ತಲೆ ತಗ್ಗಿಸ್ಬೇಕಾದ ಜಾಗ ಅದು. ಮುಖದಿಂದ ಮನಸ್ಸು ಓದ್ತೀನಿ ಅನ್ನೋರನ್ನ ನಾನು ನಂಬಲ್ಲ. ಕೈ ಓದ್ಬಹುದು, ಬಟ್ಟೆ ಓದ್ಬಹುದು, ಯಾರು ಎಲ್ಲಿ ನಿಂತಿದಾರೆ ಓದ್ಬಹುದು, ಮುಖವನ್ನ ಕೊನೆಗೆ ಇಟ್ಕೊಳ್ಳಿ.

ಯಾರು ಎಲ್ಲಿ ನಿಂತಿದಾರೆ ಅನ್ನೋದಕ್ಕೆ ಇದೇ ಹಿಕಿಯ 1816ರ ಚಿತ್ರ ನೋಡಿ, ಕರ್ನಲ್ ಕಾಲಿನ್ ಮೆಕೆಂಜಿಯದ್ದು, ಮೈಸೂರು ಸೀಮೆ ಸರ್ವೆ ಮಾಡಿದವನು, ಊರೂರಿನ ಕೈಫಿಯತ್ತು (ಸ್ಥಳೀಯ ಚರಿತ್ರೆಯ ಬರಹ), ಶಾಸನ ಕೂಡಿಸಿದವನು. ಕೆಂಪು ಕೋಟಿನ ಮೆಕೆಂಜಿ ಎದುರಿಗೆ ಎತ್ತರವಾಗಿ, ಅವನ ಹಿಂದೆ ಮುಂದೆ ಮೂವರು ನಮ್ಮವರು, ದೂರದಲ್ಲಿ ಗೊಮ್ಮಟ. ಅವರಲ್ಲಿ ಒಬ್ಬರು ಜೈನ ಪಂಡಿತ ಧರ್ಮಯ್ಯ, ಕೈಲಿ ಓಲೆಗರಿ. ಶಾಸನ ಓದಿ ಅರ್ಥ ಹೇಳಿದವರು ಇವರು, ಓಲೆಗರಿ ಅವರ ಕೈಲೇ ಇದೆ, ಬೆಳಕು ಮಾತ್ರ ಮೆಕೆಂಜಿಯ ಮುಖದ ಮೇಲೆ. ಆದ್ರೂ ಬೇರೆ ಎಷ್ಟೋ ಚಿತ್ರಗಳಲ್ಲಿ ಹೆಸರಿಲ್ಲದ ಆಳುಗಳಾಗಿ ಮೂಲೇಲಿ ನಿಲ್ತಿದ್ದವರಿಗೆ ಇಲ್ಲಿ ಒಂದು ಮುಖ, ಒಂದು ಕೆಲಸ, ಒಂದು ಹೆಸರು ಸಿಕ್ಕಿದೆ, ಅದೂ ರೂಢಿ ಮುರಿದಿರೋದೇ.

ನಮ್ಮದೇ ಪರಂಪರೆಯ ಭಾವಚಿತ್ರಕ್ಕೆ ಬಂದ್ರೆ ಕೇಳೋ ಪ್ರಶ್ನೆನೇ ಬದಲಾಗ್ಬೇಕು. ಇದೇ ಕೃಷ್ಣರಾಜ ಒಡೆಯರು ದೊಡ್ಡವರಾದ ಮೇಲೆ ಜಗನ್ಮೋಹನ ಅರಮನೇಲಿ ಸಂತಾನಾಂಬುಜ ಅಂತ ಬರೆಸಿದ್ರು, ಒಂದು ತಾವರೆ, ಅದರ ದಳಗಳಲ್ಲಿ ಪೂರ್ವಿಕರೆಲ್ಲ. ಆ ಮುಖಗಳು ಹಾಗೇ ಇದ್ವಾ ಅಂತ ಕೇಳೋದ್ರಲ್ಲಿ ಅರ್ಥ ಇಲ್ಲ, ಶತಮಾನಗಳ ಹಿಂದಿನವರ ಮುಖ ಯಾವ ಚಿತ್ರಗಾರ ಕಂಡಿದ್ದ. ಯಾವ ದಳದಲ್ಲಿ ಯಾರು, ಯಾರ ಪಕ್ಕ ಯಾರು ಅನ್ನೋದೇ ಅಲ್ಲಿನ ಮಾತು. ಪಟ್ಟ ಕಳ್ಕೊಂಡು, ವಾಪಸ್ ಪಡ್ಕೊಂಡು, 1831ರಲ್ಲಿ ಆಡಳಿತವನ್ನ ಮತ್ತೆ ಕಂಪನಿಗೆ ಬಿಟ್ಟುಕೊಡಬೇಕಾಗಿ ಬಂದ ರಾಜ, ನಮ್ಮ ವಂಶ ಇಷ್ಟು ಹಳೇದು, ಈ ಬೇರು ಕಡಿದಿಲ್ಲ ಅಂತ ಗೋಡೆ ಮೇಲೆ ಬರೆಸ್ತಿದಾನೆ. ಹುಟ್ಟಿದ 5ನೇ ವರ್ಷಕ್ಕೆ ಸಿಂಹಾಸನ ಏರಿದ ಅದೇ ಹುಡುಗ ಅಂತ ನೆನಪಿಟ್ಕೊಂಡು ನೋಡಿದ್ರೆ ಆ ತಾವರೆ ಬೇರೇನೇ ಕಾಣುತ್ತೆ.

ಇನ್ನು ನಿಮ್ಮ ಮುತ್ತಜ್ಜಿ. ಖಂಡಿತ ಓದ್ಬಹುದು, ರಾಣಿಯರಿಗಿಂತ ಸುಲಭವಾಗಿ, ಯಾಕಂದ್ರೆ ನಿಮ್ಮನೇಲಿ ಇನ್ನೂ ನೆನಪಿರೋರು ಇರ್ತಾರೆ. ಮೊದಲು ಅದು ನಿಜಕ್ಕೂ ಎದುರಿಗೆ ಕೂರಿಸಿ ಬರೆದದ್ದಾ ಅಥವಾ ಫೋಟೋ ಮೇಲೆ ಬಣ್ಣ ಹಾಕಿದ್ದಾ ನೋಡಿ, ಫೋಟೋ ಮೇಲೆ ಬಣ್ಣ ತೀಡಿಸೋದು ಆಗ ತುಂಬಾ ಇತ್ತು, ಮುಖದ ಹತ್ತಿರ ಭೂತಗನ್ನಡಿ ಹಿಡಿದ್ರೆ ಬಣ್ಣದ ಕೆಳಗೆ ಫೋಟೋದ ನಯವಾದ ಬೂದು ಕಾಣುತ್ತೆ, ಒಡವೆಯಲ್ಲಿ ಮಾತ್ರ ಬಣ್ಣ ದಪ್ಪ ಇರುತ್ತೆ. ಎರಡನೇದು ಒಡವೆ. ಮನೇಲಿ ಈಗಲೂ ಇರೋ ಯಾವುದಾದ್ರೂ ಒಡವೆ ಅದರಲ್ಲಿದೆಯಾ, ಇಲ್ದಿದ್ರೆ ಚಿತ್ರಗಾರ ಸೇರಿಸಿದ್ದಿರಬಹುದು, ಹಾಗೆ ಸೇರಿಸ್ತಿದ್ರು, ಅದು ಸುಳ್ಳು ಅಂತ ತಳ್ಳಬೇಡಿ, ಆ ಮನೆ ತನ್ನನ್ನ ಹೇಗೆ ತೋರಿಸ್ಕೊಳ್ಳೋಕೆ ಇಷ್ಟಪಟ್ಟಿತ್ತು ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಸುಳಿವು ಬೇಕಾ. ಕೈಲಿ ಏನಿದೆ ನೋಡಿ, ಪುಸ್ತಕ ಇದ್ರೆ ಅದು ಸಣ್ಣ ವಿಷಯ ಅಲ್ಲ, ಹೆಣ್ಣುಮಕ್ಕಳು ಓದೋದು ಬೇಕೋ ಬೇಡವೋ ಅಂತ ಮನೆಮನೇಲಿ ಜಗಳ ಇದ್ದ ಕಾಲದಲ್ಲಿ ಯಾರೋ ಒಬ್ಬರು ಆ ಪುಸ್ತಕ ಕೈಗೆ ಕೊಟ್ಟಿದಾರೆ, ಸ್ಟುಡಿಯೋದವನು ಕೊಟ್ಟಿದ್ದಾದ್ರೂ ಮನೆಯವರು ಬೇಡ ಅಂದಿಲ್ಲ. ಕುಪ್ಪಸದ ತೋಳು ಎಷ್ಟು ಉದ್ದ, ಸೀರೆ ಉಟ್ಟಿರೋ ಕ್ರಮ ಯಾವುದು, ಕುರ್ಚಿ ಮೇಲೆ ಕೂತಿದಾರಾ ನಿಂತಿದಾರಾ, ಪಕ್ಕದಲ್ಲಿ ಗಂಡ ಇದ್ರೆ ಕೂತಿರೋದು ಯಾರು, ಇದೆಲ್ಲ ಮನೆಯ ಹಿರಿಯ ಹೆಂಗಸರ ಹತ್ತಿರ ಚಿತ್ರ ಇಟ್ಕೊಂಡೇ ಕೇಳಿ, ಬಾಯಿಮಾತಲ್ಲಿ ಕೇಳಿದ್ರೆ ಬರಲ್ಲ, ಚಿತ್ರ ಮುಂದೆ ಇದ್ರೆ ಎಲ್ಲಿಂದಲೋ ನೆನಪು ಬರುತ್ತೆ. ಆಮೇಲೆ ಫ್ರೇಮ್ ಹಿಂದಕ್ಕೆ ತಿರುಗಿಸಿ, ಕಾಗದದ ಚೀಟಿ, ಸ್ಟುಡಿಯೋ ಮುದ್ರೆ, ಪೆನ್ಸಿಲ್ ಬರಹ, ಏನೇ ಇರಲಿ ಮೊದಲು ಅದರ ಫೋಟೋ ತೆಗೀರಿ. ಧೂಳಾಗಿದೆ ಅಂತ ಒದ್ದೆ ಬಟ್ಟೇಲಿ ಒರೆಸೋಕೆ ಹೋಗಬೇಡಿ, ಅದರಲ್ಲೂ ಪೆನ್ಸಿಲ್ ಬರಹದ ಮೇಲೆ.